ಗುಂಡಿ ಅಂಗಡಿಗೆ ಡೇಟಾಬೇಸ್ ಆರಿಸಿದ್ದು

ನಮ್ಮ ಬೀದಿಯಲ್ಲಿ ಯಾರಾದರೂ ದಾರಿ ಕೇಳಿದರೆ ಎಲ್ಲರೂ ಗುಂಡಿ ಅಂಗಡಿಯ ಗುರುತು ಹೇಳುತ್ತಾರೆ. ಅದರ ಎದುರಿಗಿರುವುದು ನನ್ನ ಕನ್ನಡಕದ ಅಂಗಡಿ. ಅದರ ಗುರುತನ್ನು ಯಾರೂ ಹೇಳುವುದಿಲ್ಲ. ಅದಕ್ಕೆ ನನಗೆ ಬೇಸರವೇನೂ ಇಲ್ಲ, ಒಂಚೂರು ಇದೆ. ಆದರೆ ಎದುರಂಗಡಿಯಲ್ಲಿ ನಡೆಯುವುದೆಲ್ಲ ನನಗೆ ಕೂತಲ್ಲಿಂದಲೇ ಕಾಣುತ್ತದೆ, ಮತ್ತು ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ.

ಗುಂಡಿ ಅಂಗಡಿ ಎಂದರೆ ಅಂಗಿಯ ಗುಂಡಿ, ಕೋಟಿನ ಗುಂಡಿ, ಜಿಪ್ಪು, ಹುಕ್ಕು, ದಾರ, ಎಲಾಸ್ಟಿಕ್ಕು, ಲೇಸು, ಅಸ್ತರಿನ ಬಟ್ಟೆ. ಗೋಡೆಗಳಿಗೆ ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಒಂದರ ಮೇಲೂ ಹೆಸರಿಲ್ಲ, ಅಂಕಿಯಿಲ್ಲ. ಒಳಗೆ ಯಾವ ಗುಂಡಿ ಇದೆಯೋ ಅದರದೇ ಒಂದನ್ನು ಪೆಟ್ಟಿಗೆಯ ಮುಂಭಾಗಕ್ಕೆ ದಾರದಿಂದ ಹೊಲಿದಿರುತ್ತಾರೆ, ಅಷ್ಟೇ. ಬಾಗಿಲ ಪಕ್ಕದಲ್ಲಿ, ಫ್ಯಾನಿನ ಕೆಳಗೆ, ಅಂಗಡಿಯಲ್ಲಿರುವ ಒಂದೇ ಒಂದು ಕುರ್ಚಿ. ಬೆತ್ತದ್ದು, ಎರಡು ಕಡೆಗೂ ಕೈಗಳಿರುವುದು. ಅದರಲ್ಲಿ ಯಜಮಾನರು ಕೂರುತ್ತಾರೆ. ಉಳಿದವರೆಲ್ಲ ನಿಂತಿರುತ್ತಾರೆ.

ಉಳಿದವರು ಎಂದರೆ ಇಬ್ಬರು ಅಳಿಯಂದಿರು. ದೊಡ್ಡಳಿಯ ಕತ್ತರಿ ಮತ್ತು ಟೇಪು ಹಿಡಿದು ಲೇಸು, ಎಲಾಸ್ಟಿಕ್ಕು ಅಳೆಯುತ್ತಾನೆ. ಚಿಕ್ಕಳಿಯ ಏಣಿಯ ಮೇಲಿರುತ್ತಾನೆ. ಮದುವೆಯಾದ ಹೊಸತರಲ್ಲಿ, ವ್ಯವಹಾರ ನೋಡಿಕೊಳ್ಳುತ್ತೇನೆ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಗೆ ಬಂದಿದ್ದ. "ಅಳಿಯಂದಿರೇ, ಆ ಮೇಲಿನ ಪೆಟ್ಟಿಗೆ ಸ್ವಲ್ಪ ಕೊಡಿ" ಎಂದರು ಮಾವನವರು. ಹತ್ತಿದ. ಆಮೇಲೆ ಊಟಕ್ಕೆ, ನಿದ್ದೆಗೆ ಇಳಿದದ್ದು ಬಿಟ್ಟರೆ ಅವನು ನಿಜವಾಗಿ ಇಳಿದದ್ದನ್ನು ನಾನು ನೋಡಿಲ್ಲ. ಬಂದ ಗಿರಾಕಿಗಳಿಗೆಲ್ಲ ಅವನ ಹಿಮ್ಮಡಿ ಗೊತ್ತು, ಮುಖ ಗೊತ್ತಿಲ್ಲ.

ಬೀದಿಯವರು ಅವನಿಗಿಟ್ಟ ಹೆಸರು 'ತೀರ್ಮಾನ'. ಮಾತು ಮಾತಿಗೆ "ತೀರ್ಮಾನ ಮಾಡ್ಬೇಕು", "ತೀರ್ಮಾನ ಆಗ್ಬೇಕು" ಎನ್ನುತ್ತಿದ್ದ. ಟೀ ಅಂಗಡಿಯಲ್ಲಿ ಸಕ್ಕರೆ ಹಾಕಲೋ ಬೇಡವೋ ಎಂದು ಕೇಳಿದರೆ ಇವನು ಯೋಚಿಸಿ ಮುಗಿಸುವಷ್ಟರಲ್ಲಿ ಟೀ ಆರಿರುತ್ತಿತ್ತು.

ಯಜಮಾನರ ವ್ಯಾಪಾರಕ್ಕೆ ಎರಡು ಸೂತ್ರಗಳಿದ್ದವು. ಅವನ್ನು ಅವರು ಬೀದಿಗೆಲ್ಲ ಕೇಳುವಂತೆ ಅಳಿಯಂದಿರಿಗೆ ಪಾಠ ಹೇಳುತ್ತಿದ್ದರು. ಒಂದು: "ಗಿರಾಕಿ ಬಂದ ಕೂಡಲೇ ಎರಡು ತೂತಿಂದಾ, ನಾಲ್ಕು ತೂತಿಂದಾ ಅಂತ ಕೇಳಿ. ನಮ್ಮತ್ರ ನಾಲ್ಕು ತೂತಿಂದು ಮಾತ್ರ ಇದ್ರೂ ಕೇಳಿ. ಕೇಳದೆ ಕೊಟ್ರೆ 'ಬೇರೆ ಇದೆಯಾ' ಅಂತಾನೆ. ಕೇಳಿ ಕೊಟ್ರೆ ಅವನೇ ಆರಿಸಿದ ಹಾಗಿರತ್ತೆ." ಗಿರಾಕಿ ಗಂಭೀರವಾಗಿ ಎರಡು ತೂತಿನದು ಎಂದರೆ, ಯಜಮಾನರು ಅವನ ಆಯ್ಕೆಯನ್ನು ಬಾಯಿ ತುಂಬ ಹೊಗಳಿ, "ಆದ್ರೆ ನಿಮ್ಮ ಬಟ್ಟೆಗೆ ಇದು ಬಾಳಿಕೆ ಬರತ್ತೆ" ಎಂದು ನಾಲ್ಕು ತೂತಿನದನ್ನೇ ಕಟ್ಟಿಕೊಡುತ್ತಿದ್ದರು. ಅವನು ಖುಷಿಯಿಂದ ಹೋಗುತ್ತಿದ್ದ. ಎರಡನೇ ಸೂತ್ರ: "ಟ್ಯೂಬ್‌ಲೈಟಿನಡಿ ಏನನ್ನೂ ಆರಿಸಬಾರದು. ಹೊರಗೆ ತಂದು ಬಿಸಿಲಲ್ಲಿ ನೋಡ್ಬೇಕು." ಬಣ್ಣ ಹೊಂದುತ್ತದೋ ಇಲ್ಲವೋ ನೋಡಲು ಗಿರಾಕಿಯನ್ನು ಬಟ್ಟೆ ಸಮೇತ ಫುಟ್‌ಪಾತಿಗೆ ಕರೆತರುವುದು ಆ ಅಂಗಡಿಯ ಪದ್ಧತಿ.

ಹೀಗಿರುವಾಗ ಯಜಮಾನರ ಸೊಂಟ ಹಿಡಿದುಕೊಂಡಿತು. ಒಂದು ದಿನ ಕುರ್ಚಿಯಲ್ಲಿ ಕೂತೇ ಘೋಷಿಸಿದರು.

"ಎಲ್ಲಾ ಅಂಗಡೀಲೂ ಕಂಪ್ಯೂಟರ್ ಬಂತು. ನಾವೂ ಸಾಫ್ಟ್‌ವೇರ್ ಹಾಕಿಸೋಣ. ಅಂಗಡಿ ಒಂದು ಹದಕ್ಕೆ ಬಂದ್ರೆ ನಾನು ಮನೇಲಿ ಕಾಲು ಚಾಚಿ ಮಲಗ್ತೀನಿ. ಅದನ್ನ ಸರಿಯಾಗಿ ನಿಲ್ಲಿಸಿದೋರು ಈ ಕುರ್ಚೀಲಿ ಕೂರಲಿ."

ದೊಡ್ಡಳಿಯನ ಕತ್ತರಿ ಲೇಸಿನ ಮಧ್ಯದಲ್ಲೇ ನಿಂತಿತು. ಏಣಿಯ ಮೇಲಿದ್ದ ಹಿಮ್ಮಡಿಗಳು ಒಂದು ಮೆಟ್ಟಿಲು ಕೆಳಗಿಳಿದವು. ಕುರ್ಚಿ ಎಂದರೆ ತೀರ್ಮಾನನಿಗೆ ಏನು ಎಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವನು ನನ್ನಲ್ಲಿಗೆ ಬಂದು, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಸುಮ್ಮನೆ ಕೂತು, ಎರಡೂ ಮೊಣಕಾಲನ್ನು ಸವರಿಕೊಂಡು ಎದ್ದು ಹೋಗುತ್ತಿದ್ದ. ಏಣಿಯ ಮೆಟ್ಟಿಲಿನ ಗುರುತು ಅವನ ಅಂಗಾಲಿನಲ್ಲಿ ಅಡ್ಡಗೆರೆಯಾಗಿ ಮೂಡಿತ್ತು. ಪಾಪ ಅನ್ನಿಸುತ್ತಿತ್ತು.

ಸಾಫ್ಟ್‌ವೇರಿನವನು ಬಂದ. ಬೆನ್ನಿಗೆ ಹಾಕುವ ಚೀಲವನ್ನು ಎದೆಗೆ ಹಾಕಿಕೊಂಡು ಅದನ್ನು ಅಪ್ಪಿಕೊಂಡೇ ಮಾತಾಡುತ್ತಿದ್ದುದರಿಂದ ಅವನನ್ನು ಬೀದಿಯವರು ಚೀಲದವನು ಎಂದರು. ಪೆಟ್ಟಿಗೆಗಳನ್ನೆಲ್ಲ ಕತ್ತೆತ್ತಿ ನೋಡಿ, ತುಂಬ ವಿನಯದಿಂದ ಕೇಳಿದ:

"ಸಾರ್, ಡೇಟಾಬೇಸ್ ಯಾವುದು ಇಡೋಣ? ಲ್ಯಾಂಗ್ವೇಜ್ ಯಾವುದು ತಗೊಳ್ಳೋಣ?"

"ಹಾಗಂದ್ರೆ?" ಎಂದರು ಯಜಮಾನರು.

"ಡೇಟಾಬೇಸ್ ಅಂದ್ರೆ ಕಪಾಟು ಸಾರ್. ನಿಮ್ಮ ಸರಕಿನ ವಿವರ ಎಲ್ಲಾ ಅದರೊಳಗೆ ಇರತ್ತೆ. ಲ್ಯಾಂಗ್ವೇಜ್ ಅಂದ್ರೆ, ಅದನ್ನ ತೆಗಿ, ಇದನ್ನ ಇಡು ಅಂತ ಕಂಪ್ಯೂಟರಿಗೆ ನಾವು ಹೇಳೋ ರೀತಿ. ಕಪಾಟಿಗೆ ಪೋಸ್ಟ್‌ಗ್ರೆಸ್ ಇದೆ, ಮೈಎಸ್‌ಕ್ಯೂಎಲ್ ಇದೆ. ಹೇಳೋಕೆ ಪೈಥಾನ್ ಇದೆ, ಜಾವಾ ಇದೆ. ನಿಮ್ಮಿಷ್ಟ ಸಾರ್."

ಲ್ಯಾಂಗ್ವೇಜ್ ಎಂದರೆ ನಾವು ಮನೆಯಲ್ಲಿ ಮಾತಾಡುವ ಭಾಷೆ ಎಂದುಕೊಳ್ಳುವಷ್ಟು ದಡ್ಡ ಅಲ್ಲ ನಮ್ಮ ತೀರ್ಮಾನ. ಅವನ ದಡ್ಡತನ ಅದಕ್ಕಿಂತ ಮೇಲ್ಮಟ್ಟದ್ದು. ಹಲ್ಲಿನಲ್ಲಿ ಕಚ್ಚಿದ್ದ ಜಿಪ್ಪಿನ ಕಟ್ಟನ್ನು ಕೈಗೆ ತೆಗೆದುಕೊಂಡು, ಏಣಿಯ ಮೇಲಿನಿಂದ ಹೇಳಿದ:

"ಅದನ್ನ ಹಾಗೆಲ್ಲ ಸುಮ್ಮನೆ ಹೇಳೋಕಾಗಲ್ಲ. ಎರಡು ದಿನ ಟೈಮ್ ಕೊಡಿ. ಅಳೆದು ತೂಗಿ ತೀರ್ಮಾನ ಹೇಳ್ತೀನಿ."

ಕೆಳಗಿದ್ದವರೆಲ್ಲ ಮೇಲೆ ನೋಡಿದರು. ಪೆಟ್ಟಿಗೆ ಕೇಳುವುದಕ್ಕಲ್ಲದೆ ಅವನ ಮುಖ ನೋಡುವುದಕ್ಕೆಂದೇ ಜನ ಕತ್ತೆತ್ತಿದ್ದು ಬಹುಶಃ ಅದೇ ಮೊದಲು.

"ನಿಂಗೇನಯ್ಯ ಗೊತ್ತು ಅದರ ವಿಷಯ?" ಎಂದ ದೊಡ್ಡಳಿಯ.

"ಗೊತ್ತಿಲ್ಲದೆ ಇಷ್ಟು ಎತ್ತರದಲ್ಲಿ ನಿಂತು ಮಾತಾಡ್ತೀನಾ ಭಾವ?"

ಯಜಮಾನರು, "ಆಗ್ಲಿ, ಯೋಚ್ನೆ ಮಾಡಿ" ಎಂದರು. ಚೀಲದವನು ನಮಸ್ಕಾರ ಹೇಳಿ ಹೋದ.

ಅರ್ಧ ಗಂಟೆಯೊಳಗೆ ತೀರ್ಮಾನ ನನ್ನ ಪರೀಕ್ಷೆಯ ಕುರ್ಚಿಯಲ್ಲಿದ್ದ. ನನ್ನಲ್ಲಿ ಕಣ್ಣು ನೋಡುವ ಒಂದು ಯಂತ್ರವಿದೆ, ಅದಕ್ಕೊಂದು ಪರದೆಯಿದೆ. ಆ ಕಾರಣಕ್ಕೆ ಬೀದಿಯಲ್ಲಿ ನಾನು ಕಂಪ್ಯೂಟರ್ ಬಲ್ಲವನು.

"ಪೋಸ್ಟ್‌ಗ್ರೆಸ್ಸಾ, ಮೈಎಸ್‌ಕ್ಯೂಎಲ್ಲಾ? ನೀವೇನಂತೀರಿ?" ಎಂದು ಪಿಸುಗುಟ್ಟಿದ.

ಈ ಎರಡೂ ಹೆಸರನ್ನು ನಾನು ಆವರೆಗೆ ಕೇಳಿರಲಿಲ್ಲ. ಆದರೆ ಅಭಿಪ್ರಾಯ ಕೇಳಿ ಬಂದ ನೆರೆಯವನನ್ನು ಬರಿಗೈಯಲ್ಲಿ ಕಳಿಸುವ ಜಾತಿಯಲ್ಲ ನಾನು. ಗಾಜು ಒರೆಸುತ್ತ, ಸ್ವಲ್ಪ ಹೊತ್ತು ಸೂರು ನೋಡಿ, "ಪೋಸ್ಟ್‌ಗ್ರೆಸ್ ಅನ್ನೋ ಹೆಸರಿಗೆ ಒಂದು ತೂಕ ಇದೆ" ಎಂದೆ.

"ನಂಗೂ ಹಾಗೇ ಅನ್ಸಿತ್ತು! ಲ್ಯಾಂಗ್ವೇಜು?"

"ತೂಕ ಇರೋದಕ್ಕೆ ಹಗುರವಾದ್ದು ಜೋಡಿ ಮಾಡ್ಬೇಕು. ಪೈಥಾನ್ ತಗೊಳ್ಳಿ."

ಇದಕ್ಕೆ ಏನು ಅರ್ಥವೋ ನನಗೆ ಗೊತ್ತಿಲ್ಲ. ಅವನು ಮಾತ್ರ ತಲೆಯಾಡಿಸಿ, ಎದೆ ಸೆಟೆಸಿ ಎದ್ದು ಹೋದ. ಅವನು ಆ ಕಡೆ ಹೋದದ್ದೇ ತಡ, ದೊಡ್ಡಳಿಯ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದ.

"ಅವನು ಯಾವುದಂದ?"

"ಪೋಸ್ಟ್‌ಗ್ರೆಸ್ಸು, ಪೈಥಾನು."

"ಹಾಗಾದ್ರೆ ನಂದು ಮೈಎಸ್‌ಕ್ಯೂಎಲ್ಲು, ಜಾವಾ" ಎಂದ ದೊಡ್ಡಳಿಯ. ಯಾಕೆ ಎಂದು ಕೇಳಿದೆ. "ಯಾಕೆ ಅಂದ್ರೆ? ಅವನು ಅದು ಅಂದ್ನಲ್ಲ, ಅದಕ್ಕೇ" ಎಂದ. ತಜ್ಞರೂ ಇದಕ್ಕಿಂತ ಗಟ್ಟಿಯಾದ ಕಾರಣ ಕೊಡುವುದನ್ನು ನಾನು ಕೇಳಿಲ್ಲ.

ಅಂದಿನಿಂದ ಗುಂಡಿ ಅಂಗಡಿಯಲ್ಲಿ ಶಾಂತಿ ಹೋಯಿತು. ಕೆಳಗಿನಿಂದ ದೊಡ್ಡಳಿಯ, "ನಂದು ಹಳೇ ಕಾಲದಿಂದ ಬಂದಿದ್ದಂತೆ, ಊರೆಲ್ಲ ಇಟ್ಕೊಂಡಿದಾರಂತೆ" ಎನ್ನುವುದು. ಮೇಲಿನಿಂದ ತೀರ್ಮಾನ, "ಊರೆಲ್ಲ ಇಟ್ಕೊಂಡಿರೋದನ್ನ ನಾವ್ಯಾಕೆ ಇಟ್ಕೋಬೇಕು?" ಎನ್ನುವುದು. ಜಿಪ್ಪು ಕೊಳ್ಳಲು ಬಂದ ದರ್ಜಿಗಳೂ ಎರಡು ಪಕ್ಷವಾದರು. ಹೆಂಗಸರ ಬಟ್ಟೆ ಹೊಲಿಯುವವರು ಪೋಸ್ಟ್‌ಗ್ರೆಸ್ ಕಡೆ, ಪ್ಯಾಂಟು ಹೊಲಿಯುವವರು ಮೈಎಸ್‌ಕ್ಯೂಎಲ್ ಕಡೆ. ಒಬ್ಬ ದರ್ಜಿ ತನ್ನದು ಯಾವ ಪಕ್ಷವೆಂದು ಹೇಳದೆ ಹುಕ್ಕು ಕೇಳಿದ್ದಕ್ಕೆ, ಅವನನ್ನು ಬಹಳ ಹೊತ್ತು ಯಾರೂ ವಿಚಾರಿಸಲೇ ಇಲ್ಲ.

ಮನೆಯಲ್ಲಿ ಇನ್ನೂ ಜೋರು. ಎರಡು ಸಂಸಾರವೂ ಒಂದೇ ಮನೆಯಲ್ಲಿ, ಒಂದು ಮೇಲೆ, ಒಂದು ಕೆಳಗೆ. ಬಟ್ಟೆ ಒಣಹಾಕುವ ಹಗ್ಗ ಮಾತ್ರ ಒಂದೇ. ಅಲ್ಲಿ ಅಕ್ಕತಂಗಿಯರ ನಡುವೆ ನಡೆದದ್ದು ನನ್ನ ಹೆಂಡತಿಯ ಮೂಲಕ ನನಗೆ ಅಕ್ಷರಶಃ ತಲುಪಿದೆ.

"ನಿಮ್ಮೋರು ಹೇಳೋ ಪೋಸ್ಟ್‌ಗ್ರೆಸ್ಸು ನಿಧಾನವಂತಲ್ಲೇ?" ಎಂದಳು ಅಕ್ಕ, ಒದ್ದೆ ಟವೆಲನ್ನು ಜೋರಾಗಿ ಕೊಡವುತ್ತ.

"ನಿಧಾನವಾದ್ರೂ ಮರ್ಯಾದೆಯಾಗಿ ಒಂದು ಕಡೆ ಇರತ್ತಂತೆ ಅಕ್ಕ. ಭಾವಂದು ಸಿಕ್ಕಸಿಕ್ಕವರ ಮನೇಲೆಲ್ಲ ಇರತ್ತಂತೆ."

"ಯಾರಿಗಂದೆ ಆ ಮಾತು?"

"ಡೇಟಾಬೇಸಿಗೆ ಅಂದೆ. ನೀನ್ಯಾಕೆ ಮೈಮೇಲೆ ಎಳ್ಕೋತೀಯ?"

ಅದಾದ ಮೇಲೆ ಹಗ್ಗದ ಮಧ್ಯಕ್ಕೆ ಒಂದು ಗಂಟು ಬಿತ್ತು. ಗಂಟಿನ ಈಚೆ ಒಬ್ಬರು, ಆಚೆ ಒಬ್ಬರು. ಇವರ ತಾಯಿ, ಅಂದರೆ ಯಜಮಾನರ ಹೆಂಡತಿ, ಇಬ್ಬರು ಮಕ್ಕಳೂ ಮುಖ ತಿರುಗಿಸಿಕೊಂಡು ಓಡಾಡುವುದನ್ನು ನೋಡಲಾರದೆ ಗಂಡನಿಗೆ ಹೇಳಿದರಂತೆ: "ಇಬ್ರಿಗೂ ಒಂದೊಂದು ಕೊಡಿಸಿಬಿಡಿ. ಸೀರೆ ತಂದಾಗ ಭೇದ ಮಾಡಿದ್ದೀವಾ? ಇದಕ್ಕೂ ಮಾಡೋದು ಬೇಡ."

ಯಜಮಾನರಿಗೆ ತಲೆ ಚಿಟ್ಟು ಹಿಡಿಯಿತು. ತೀರ್ಮಾನನ ಎರಡು ದಿನ ಎಂಬುದು ಎಳೆದಷ್ಟೂ ಬರುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಅವರು ಕುರ್ಚಿಯ ಕೈಗೆ ಗುದ್ದಿ ಹೇಳಿದರು:

"ಟ್ಯೂಬ್‌ಲೈಟ್ ಕೆಳಗೆ ನಿಂತು ಜಗಳ ಆಡಿದ್ರೆ ಯಾವುದೂ ಗೊತ್ತಾಗಲ್ಲ. ಅವನಿಗೆ ಎರಡರದ್ದೂ ಸ್ಯಾಂಪಲ್ ತರೋಕೆ ಹೇಳಿ. ಹೊರಗೆ ಇಟ್ಟು, ಬಿಸಿಲಲ್ಲಿ ನೋಡಿ ಆರಿಸೋಣ."

ಡೇಟಾಬೇಸನ್ನು ಬಿಸಿಲಲ್ಲಿಟ್ಟು ನೋಡುವುದು! ಯಾರಾದರೂ ನಕ್ಕರೇ ಎಂದು ನಾನು ಅತ್ತಿತ್ತ ನೋಡಿದೆ. ಯಾರೂ ನಗಲಿಲ್ಲ. ಆ ಅಂಗಡಿಯಲ್ಲಿ ಒಂದು ಮೀಟರ್ ಲೇಸೂ ಬಿಸಿಲು ಕಾಣದೆ ಮಾರಾಟವಾದದ್ದಿಲ್ಲ. ಇಷ್ಟು ದೊಡ್ಡ ಸರಕು ಹಾಗೆ ಒಳಗೇ ಆಯ್ಕೆಯಾಗುವುದುಂಟೇ ಎಂದು ಅಳಿಯಂದಿರಿಬ್ಬರೂ, ಮೊದಲ ಸಲ, ಒಟ್ಟಿಗೆ ತಲೆಯಾಡಿಸಿದರು.

ಚೀಲದವನು ಫೋನಿನಲ್ಲಿ "ಆಯ್ತು ಸಾರ್, ತರ್ತೀನಿ" ಎಂದನಂತೆ. ಮರುದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಎರಡು ಲ್ಯಾಪ್‌ಟಾಪ್‌ಗಳೊಂದಿಗೆ ಬಂದ. ಮೊದಲ ಸಲ ನೋಡಿ ಹೋಗಿದ್ದ ಪೆಟ್ಟಿಗೆಗಳ ವಿವರವನ್ನು ಎರಡರಲ್ಲೂ ತುಂಬಿದ್ದ. ಒಂದರ ಮೂಲೆಗೆ 'ಪೋಸ್ಟ್‌ಗ್ರೆಸ್' ಎಂದೂ ಇನ್ನೊಂದರ ಮೂಲೆಗೆ 'ಮೈಎಸ್‌ಕ್ಯೂಎಲ್' ಎಂದೂ ಸಣ್ಣ ಚೀಟಿ ಅಂಟಿಸಿದ್ದ. ಅಂಗಡಿಯ ಮೇಜನ್ನು ಫುಟ್‌ಪಾತಿಗೆ ಹಾಕಿ, ಮೊದಲನೆಯದನ್ನು ಎಡಕ್ಕೆ, ಎರಡನೆಯದನ್ನು ಬಲಕ್ಕೆ ಇಟ್ಟರು. ಯಜಮಾನರ ಕುರ್ಚಿಯನ್ನೂ ಹೊರಗೆ ತಂದರು. ನಾನು ತಜ್ಞನಾದ್ದರಿಂದ ನನ್ನ ಸ್ಟೂಲನ್ನು ನಾನೇ ತಂದುಕೊಂಡೆ.

ಆ ಬಿಸಿಲಿಗೆ ಎರಡು ಪರದೆಯಲ್ಲೂ ಏನೂ ಕಾಣಲಿಲ್ಲ. ಕಪ್ಪಗೆ ಮಿರುಗುತ್ತಿದ್ದವು. ಯಜಮಾನರು ಎರಡನ್ನೂ ಬಾಗಿ ಬಾಗಿ ನೋಡಿ, "ಬಣ್ಣ ಎರಡರದ್ದೂ ಚೆನ್ನಾಗಿದೆ" ಎಂದರು.

"ಪರದೆ ಕಾಣ್ತಿಲ್ಲ ಸಾರ್. ನೆರಳು ಬೇಕು" ಎಂದ ಚೀಲದವನು.

ಒಳಗೆ ಹೋದರೆ ಸೂತ್ರ ತಪ್ಪುತ್ತದೆ. ತೀರ್ಮಾನ ಒಂದು ನೆಗೆತಕ್ಕೆ ಏಣಿ ಹತ್ತಿ ಅಸ್ತರಿನ ಕಪ್ಪು ಬಟ್ಟೆಯ ಸುರುಳಿ ಎಳೆದು ತಂದ. ಅದನ್ನು ಲ್ಯಾಪ್‌ಟಾಪ್‌ಗಳ ಮೇಲೆ ಹೊದಿಸಿ, ಯಜಮಾನರು, ಇಬ್ಬರು ಅಳಿಯಂದಿರು, ಚೀಲದವನು, ನಾನು, ಐವರೂ ಅದರೊಳಕ್ಕೆ ತಲೆ ತೂರಿಸಿದೆವು. ಹೊರಗೆ ಐದು ಜೊತೆ ಕಾಲುಗಳೂ ಐದು ಬೆನ್ನುಗಳೂ ಮಾತ್ರ ಕಾಣುತ್ತಿದ್ದಿರಬೇಕು. ಜನ ಕೂಡಿದರು. ಪರೀಕ್ಷೆಯ ಫಲಿತಾಂಶ ನೋಡ್ತಿದಾರೆ ಎಂದರು ಕೆಲವರು. ಯಜಮಾನರ ಸೊಂಟದ ಎಕ್ಸ್‌ರೇ ಎಂದು ಒಬ್ಬ ಖಚಿತವಾಗಿ ಹೇಳಿದ. ಅದಕ್ಕೆ ಇನ್ನೊಬ್ಬ ಅಯ್ಯೋ ಪಾಪ ಎಂದ.

ಬಟ್ಟೆಯೊಳಗೆ ಸೆಕೆ, ಬೆವರು. ಯಜಮಾನರು ಪ್ರಶ್ನೆ ಹಾಕಿದರು. "ಕೋಟಿನ ಗುಂಡಿ, ತೊಗಲಲ್ಲಿ ಹೆಣೆದದ್ದು. ಎಲ್ಲಿದೆ ಅಂತ ಎರಡಕ್ಕೂ ಕೇಳು."

ಚೀಲದವನು ಎರಡರಲ್ಲೂ ಒತ್ತಿದ. ಎರಡರಲ್ಲೂ ಒಂದೇ ಉತ್ತರ ಬಂತು: ಏಣಿ ಗೋಡೆ, ಮೇಲಿನ ಸಾಲು.

"ನೋಡಿದ್ರಾ ಮಾವ, ಎಡಗಡೇದು ಹೇಳಿದ ರೀತೀಲೇ ಒಂದು ಗಾಂಭೀರ್ಯ ಇದೆ" ಎಂದ ತೀರ್ಮಾನ.

"ಬಲಗಡೇದು ಮೊದ್ಲು ಹೇಳ್ತು ಮಾವ. ಎಡಗಡೇದು ಅದನ್ನ ನೋಡಿ ಹೇಳ್ತು" ಎಂದ ದೊಡ್ಡಳಿಯ.

ಅಷ್ಟರಲ್ಲಿ ಯಾರೋ ಹೊರಗಿನಿಂದ ನನ್ನ ಬೆನ್ನು ತಟ್ಟಿದರು. ತಲೆ ಹೊರಗೆ ತೆಗೆದರೆ, ಫುಟ್‌ಪಾತಿನ ಒತ್ತುವರಿ ನೋಡುವ ಇನ್‌ಸ್ಪೆಕ್ಟರು.

"ಏನ್ರೀ ಇದು, ದಾರೀಲಿ ಮೇಜು ಹಾಕ್ಕೊಂಡು? ಏನು ಮಾರ್ತಿದೀರಿ?"

"ಮಾರ್ತಿಲ್ಲ ಸಾರ್, ಆರಿಸ್ತಿದೀವಿ" ಎಂದೆ.

"ಏನನ್ನ?"

"ಡೇಟಾಬೇಸ್."

ಇನ್‌ಸ್ಪೆಕ್ಟರು ಸ್ವಲ್ಪ ಯೋಚಿಸಿದರು. ಮಾರುವುದಕ್ಕೆ ದಂಡವಿದೆ, ಆರಿಸುವುದಕ್ಕೆ ದಂಡವಿದೆಯೋ ಇಲ್ಲವೋ ಅವರಿಗೆ ತಕ್ಷಣ ಹೊಳೆಯಲಿಲ್ಲ. "ಯಾವುದ್ಯಾವುದು?" ಎಂದು ಕೇಳಿದರು. ಹೇಳಿದೆ. "ನಮ್ಮ ಆಫೀಸಲ್ಲಿ ಎರಡೂ ಇವೆ. ಎರಡ್ರಲ್ಲೂ ಏನೂ ಸಿಗಲ್ಲ" ಎಂದರು ಬೇಸರದಿಂದ. ಆಮೇಲೆ ತಮ್ಮ ಹುದ್ದೆ ನೆನಪಾಗಿ, "ಮೇಜು ಗೋಡೆಗೆ ಸರಿಸಿ, ಜನ ಓಡಾಡ್ಬೇಕು" ಎಂದು ಗದರಿದರು.

ಬಟ್ಟೆ ತೆಗೆದರು. ದೊಡ್ಡಳಿಯ ಒಂದು ಲ್ಯಾಪ್‌ಟಾಪ್ ಎತ್ತಿಕೊಂಡ, ಚೀಲದವನು ಒಂದನ್ನು. ಮೇಜು ಗೋಡೆಗೆ ಸರಿಯಿತು, ಲ್ಯಾಪ್‌ಟಾಪ್‌ಗಳು ಮತ್ತೆ ಮೇಜಿಗೆ ಬಂದವು. ಗಡಿಬಿಡಿಯಲ್ಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತದ್ದನ್ನು ನಾನು ನೋಡಿದೆ, ಚೀಲದವನೂ ನೋಡಿದ. ಇಬ್ಬರೂ ಬಾಯಿ ಬಿಡಲಿಲ್ಲ. ಮತ್ತೆ ಬಟ್ಟೆ ಬಿತ್ತು. ಈ ಸಲ ಇನ್‌ಸ್ಪೆಕ್ಟರೂ ತಲೆ ತೂರಿಸಿದರು.

"ಬಿಳೀ ಮುತ್ತಿನ ಗುಂಡಿ ಎಲ್ಲಿದೆ?" ಎಂದರು ಯಜಮಾನರು. ಎರಡೂ ಒಂದೇ ಉತ್ತರ ಕೊಟ್ಟವು.

"ಮಾವ, ನಾನು ಏನ್ ಹೇಳಿದ್ದೆ? ಎಡಗಡೇದು ನೋಡಿ, ಎಷ್ಟು ಸ್ಪಷ್ಟ! ಬಲಗಡೇದು ಏನೋ ಮುಚ್ಚಿಟ್ಟು ಹೇಳ್ತಾ ಇದೆ" ಎಂದ ತೀರ್ಮಾನ.

"ಸುಳ್ಳು! ಬಲಗಡೇದರ ಮುಂದೆ ಎಡಗಡೇದು ಕಸ!" ಎಂದ ದೊಡ್ಡಳಿಯ.

"ಸರ್ಕಾರದ ಲೆಕ್ಕದಲ್ಲಿ ಬಲಗಡೇದು ಪರವಾಗಿಲ್ಲ" ಎಂದರು ಇನ್‌ಸ್ಪೆಕ್ಟರು, ಯಾರೂ ಕೇಳದಿದ್ದರೂ.

ಯಜಮಾನರು ಬಟ್ಟೆಯನ್ನು ಎಳೆದು ಕೆಳಗೆ ಹಾಕಿದರು. ಬೆವರು ಒರೆಸಿಕೊಂಡು, ಮೂಲೆಯಲ್ಲಿದ್ದ ಚೀಟಿಗಳನ್ನು ಕನ್ನಡಕ ಏರಿಸಿ ಓದಿದರು. ಎಡಕ್ಕೆ ಮೈಎಸ್‌ಕ್ಯೂಎಲ್, ಬಲಕ್ಕೆ ಪೋಸ್ಟ್‌ಗ್ರೆಸ್. ಅಳಿಯಂದಿರಿಬ್ಬರನ್ನೂ ಒಮ್ಮೆ ನೋಡಿದರು. ತೀರ್ಮಾನನೂ ಓದಿದ.

"ಅದೂ... ಭಾವಂದು ಈಗ ಸ್ವಲ್ಪ ಸುಧಾರಿಸಿದೆ" ಎಂದ.

ಯಜಮಾನರು ಚೀಲದವನ ಕಡೆ ತಿರುಗಿದರು. "ನಿಜ ಹೇಳಪ್ಪ. ಎರಡಕ್ಕೂ ವ್ಯತ್ಯಾಸ ಏನು?"

ಚೀಲದವನು ಚೀಲವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ. "ಚೀಟಿ ಮಾತ್ರ ಸಾರ್. ಒಳಗೆ ಎರಡೂ ಒಂದೇ. ನಮ್ಮ ಕಂಪನೀಲಿ ಇರೋದೇ ಒಂದು. ಔಷಧಿ ಅಂಗಡಿಗೂ ಅದನ್ನೇ ಹಾಕೋದು, ಪೇಂಟಿನ ಅಂಗಡಿಗೂ ಅದನ್ನೇ ಹಾಕೋದು."

"ಅದು ಪೋಸ್ಟ್‌ಗ್ರೆಸ್ ತಾನೇ?" ಎಂದ ತೀರ್ಮಾನ, ಆಸೆಯಿಂದ.

"ಮೈಎಸ್‌ಕ್ಯೂಎಲ್ ತಾನೇ?" ಎಂದ ದೊಡ್ಡಳಿಯ.

"ಎರಡೂ ಅಲ್ಲ ಸಾರ್. ಇನ್ನೊಂದು. ಅದರ ಹೆಸರು ನೀವು ಕೇಳಿರಲ್ಲ."

"ಲ್ಯಾಂಗ್ವೇಜು?"

"ಅದೂ ಇನ್ನೊಂದೇ ಸಾರ್."

ಒಬ್ಬ ದರ್ಜಿ ಮೆಲ್ಲಗೆ ಪಕ್ಷ ಬಿಟ್ಟು ಹೊರಟ. ಯಜಮಾನರು ಕೇಳಿದರು, "ಅಲ್ಲಯ್ಯ, ಇರೋದೇ ಒಂದಾದ್ಮೇಲೆ ಯಾವುದು ಬೇಕು ಅಂತ ಕೇಳಿದ್ದೇಕೆ?"

"ಕೇಳದೆ ಇಟ್ರೆ 'ಬೇರೆ ಇದೆಯಾ' ಅಂತಾರೆ ಸಾರ್. ಕೇಳಿ ಇಟ್ರೆ ಅವರೇ ಆರಿಸಿದ ಹಾಗಿರತ್ತೆ."

ಯಜಮಾನರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಈಗ ಕಪಾಳಕ್ಕೆ ಬಿಗಿಯುತ್ತಾರೆ ಎಂದುಕೊಂಡೆ ನಾನು. ಅವರ ಕಣ್ಣಲ್ಲಿ ನೀರು ಬಂದಿತ್ತು. ಒಂದು ಜನ್ಮವೆಲ್ಲ ತಲೆ ಚಚ್ಚಿಕೊಂಡು ಕಲಿಸಿದರೂ ಇಬ್ಬರು ಅಳಿಯಂದಿರ ತಲೆಗೆ ಹೋಗದ್ದನ್ನು ಯಾರೋ ದಾರಿಹೋಕ ಎದೆಗೆ ಚೀಲ ಕಟ್ಟಿಕೊಂಡು ಬಂದು ಒಪ್ಪಿಸಿಬಿಟ್ಟಿದ್ದ.

"ನಂಗೆ ಇನ್ನೊಬ್ಬಳು ಮಗಳಿದ್ದಿದ್ರೆ..." ಎಂದು ಅವನ ಭುಜ ತಟ್ಟಿದರು. ಮಾತು ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ಆಮೇಲೆ ಅವರ ದೃಷ್ಟಿ ಯಾಕೋ ನನ್ನ ಕಡೆಗೂ ಹೊರಳಿತು, ನನ್ನ ಅಂಗಡಿಯ ಫಲಕದ ಕಡೆಗೂ ಹೊರಳಿತು. ಗಾಜು ಬದಲಿಸುತ್ತ 'ಇದಾ, ಅದಾ' ಎಂದು ಕೇಳುವ ಕಸುಬು ನನ್ನದೂ ಅಲ್ಲವೇ? ನನಗೆ ಅಂಗಡಿಯೊಳಗೆ ಏನೋ ತುರ್ತು ಕೆಲಸ ನೆನಪಾಯಿತು. ಸ್ಟೂಲು ಎತ್ತಿಕೊಂಡು ಬಂದುಬಿಟ್ಟೆ.

ಸಾಫ್ಟ್‌ವೇರಿಗೆ ಒಪ್ಪಿಗೆಯಾಯಿತು. ಉಳಿದದ್ದು ಕುರ್ಚಿಯ ಪ್ರಶ್ನೆ. ಕಂಪ್ಯೂಟರ್ ಬಂದ ದಿನ ತೀರ್ಮಾನ ಏಣಿಯಿಂದ ಇಳಿದು, ಕೈಕಟ್ಟಿ ಮಾವನ ಮುಂದೆ ನಿಂತ. ಎದುರಿನಿಂದ ನಾನು ಕಿವಿ ನಿಮಿರಿಸಿದೆ.

"ಮಾವ, ಹೆಸರು ಯಾವುದಾದ್ರೂ ಆಗ್ಲಿ, ತೀರ್ಮಾನ ನಂದು ಅಂತ ಮೊದ್ಲು ಹೇಳಿದೋನು ನಾನು. ಕಾಲು ಸೋತಿದೆ ಮಾವ. ನಿಂತು ನಿಂತು ಸಾಕಾಗಿದೆ. ನಂಗೆ ಕುರ್ಚಿ ಬೇಕು."

ಅಷ್ಟು ವರ್ಷದಲ್ಲಿ ಅವನು ಯೋಚಿಸದೆ ನೇರವಾಗಿ ಆಡಿದ ಮಾತು ಅದೊಂದೇ. ದೊಡ್ಡಳಿಯನೂ ಕತ್ತರಿ ಕೆಳಗಿಟ್ಟು ನೆಲ ನೋಡಿದ. ಯಜಮಾನರು ಬೆಣ್ಣೆಯಂಥ ಧ್ವನಿಯಲ್ಲಿ ಕೇಳಿದರು:

"ಕೊಡೋಣ ಅಳಿಯಂದಿರೇ, ಯಾಕೆ ಕೊಡಬಾರದು? ಕುರ್ಚಿ ಕೈ ಇರೋದು ಬೇಕಾ, ಕೈ ಇಲ್ಲದ್ದು ಬೇಕಾ?"

ಉತ್ತರ ಹೇಳಬೇಡಿ ಎಂದು ನಾನು ಬೀದಿಯ ಈ ಕಡೆಯಿಂದ ಕೂಗಬೇಕೆಂದುಕೊಂಡೆ. ಕೂಗಲಿಲ್ಲ. ತೀರ್ಮಾನನ ಎದೆ ಉಬ್ಬುವುದು ಇಲ್ಲಿಗೇ ಕಾಣುತ್ತಿತ್ತು.

"ಎರಡು ದಿನ ಟೈಮ್ ಕೊಡಿ ಮಾವ" ಎಂದ.

ಆ ಎರಡು ದಿನ ಅವನು ಬೀದಿಯ ಎಲ್ಲ ಕುರ್ಚಿಗಳಲ್ಲೂ ಕೂತು ನೋಡಿದ. ಕ್ಷೌರದಂಗಡಿಯದು, ಬ್ಯಾಂಕಿನದು, ನನ್ನದು. ಬೆನ್ನು ಆನಿಸಿ ನೋಡಿದ, ಮೊಣಕೈ ಊರಿ ನೋಡಿದ. ಕೊನೆಗೆ ಹೋಗಿ, "ಕೈ ಇರೋದು" ಎಂದು ಹೇಳಿದ. ಯಜಮಾನರು ಅವನ ಆಯ್ಕೆಯನ್ನು ಬಾಯಿ ತುಂಬ ಹೊಗಳಿದರಂತೆ.

ಇತ್ತ ಅಂಗಡಿಯಲ್ಲಿ ಕಂಪ್ಯೂಟರ್ ಇಡಲು ಜಾಗವೇ ಇರಲಿಲ್ಲ. ಎಲ್ಲಿ ನೋಡಿದರೂ ಪೆಟ್ಟಿಗೆ. ಖಾಲಿಯಿದ್ದದ್ದು ಅಟ್ಟ ಮಾತ್ರ. ಕಂಪ್ಯೂಟರ್ ಅಟ್ಟ ಹತ್ತಿತು, ಅದರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹತ್ತಿತು. ಅದಕ್ಕೆ ಕೈ ಇರಲಿಲ್ಲ. "ಕೈ ಇರೋದೇ ಒಳ್ಳೇದು, ನೀವು ಆರಿಸಿದ್ದು ಸರಿಯಾಗೇ ಇದೆ" ಎಂದರು ಯಜಮಾನರು. "ಆದ್ರೆ ಅದು ಅಟ್ಟದ ಬಾಗಿಲಲ್ಲಿ ತೂರಲ್ಲ. ನಿಮಗೆ ಇದು ಬಾಳಿಕೆ ಬರತ್ತೆ."

ತೀರ್ಮಾನ ಏಣಿ ಹತ್ತಿ ಹೋಗಿ ಕೂತ. ತಲೆ ಸೂರಿಗೆ ತಾಗುತ್ತದೆಂದು ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡ. ಈಗ ಗಿರಾಕಿ ಬಂದರೆ ದೊಡ್ಡಳಿಯ ಕೆಳಗಿನಿಂದ ಕೂಗುತ್ತಾನೆ. ಇವನು ಮೇಲೆ ಒತ್ತುತ್ತಾನೆ. ಏಣಿ ಗೋಡೆ, ಮೇಲಿನ ಸಾಲು ಎಂದು ಕಂಪ್ಯೂಟರ್ ಹೇಳುತ್ತದೆ. ಇವನು ಅಟ್ಟದಿಂದ ಇಳಿದು, ಏಣಿ ಸರಿಸಿ, ಮತ್ತೆ ಹತ್ತಿ ಪೆಟ್ಟಿಗೆ ತೆಗೆಯುತ್ತಾನೆ. ಬೆತ್ತದ ಕುರ್ಚಿಯಲ್ಲಿ ಯಜಮಾನರು ಹಾಗೇ ಇದ್ದಾರೆ. ಸಾಫ್ಟ್‌ವೇರ್ ಇನ್ನೂ ಹದಕ್ಕೆ ಬಂದಿಲ್ಲ ಎನ್ನುತ್ತಾರೆ. ಹಗ್ಗದ ಗಂಟು ಬಿಚ್ಚಿದೆ. "ನಮ್ಮೋರಿಗೆ ಈಗ ಕೂತು ಮಾಡೋ ಕೆಲಸ" ಎಂದು ತಂಗಿ ಅಕ್ಕನಿಗೆ ಹೇಳುತ್ತಾಳಂತೆ. ಅಕ್ಕ ಹೌದೇ ಎನ್ನುತ್ತಾಳಂತೆ.

ಮೊನ್ನೆ ತೀರ್ಮಾನ ಕಣ್ಣು ಮಂಜಾಗುತ್ತಿದೆ ಎಂದು ನನ್ನಲ್ಲಿಗೆ ಬಂದ. ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಅದರ ಎರಡೂ ಕೈಗಳ ಮೇಲೆ ತನ್ನ ಎರಡೂ ಕೈಗಳನ್ನು ಮೆಲ್ಲಗೆ ಇಟ್ಟ.

"ಅಟ್ಟದಲ್ಲಿರೋ ಕುರ್ಚಿ ನಾನೇ ಆರಿಸಿದ್ದು, ಗೊತ್ತಾ?" ಎಂದ.

"ಗೊತ್ತು" ಎಂದೆ. ಗಾಜು ಹಾಕಿ ಕೇಳಿದೆ, "ಇದು ಚೆನ್ನಾಗಿ ಕಾಣತ್ತಾ?" ತೆಗೆದು, ಮತ್ತೆ ಹಾಕಿ, "ಇಲ್ಲಾ, ಇದಾ?"

ಅವನು ಹುಬ್ಬು ಗಂಟಿಕ್ಕಿ, ದೂರದ ಅಕ್ಷರಗಳನ್ನು ನೋಡುತ್ತ ಯೋಚನೆಗೆ ಬಿದ್ದ. ಎರಡು ಸಲವೂ ನಾನು ಹಾಕಿದ್ದು ಒಂದೇ ಗಾಜು. ಎದುರಂಗಡಿಯಿಂದ ದೊಡ್ಡಳಿಯ ಮೇಲಿನ ಪೆಟ್ಟಿಗೆಗಾಗಿ ಕೂಗುತ್ತಿದ್ದ.

"ಎರಡು ದಿನ ಟೈಮ್ ತಗೊಳ್ಳಿ" ಎಂದೆ. "ಅಲ್ಲೀತನಕ ಇಲ್ಲೇ ಕೂತಿರಿ."